ಉದ್ರಿ ಪುಸ್ತಕದಲ್ಲಿ ಇಲ್ಲದ ಹೆಸರು



ಹಳೇ ಬೆಂಗಳೂರಿನ ಫೋಟೋ ಹಾಕಿ 'ಎಂಥಾ ಕಾಲ ಅದು' ಅಂತ ನಿಟ್ಟುಸಿರು ಬಿಡೋ ಪೋಸ್ಟುಗಳು ಈಗ ಜಾಸ್ತಿ ಬರ್ತಿವೆ. ನನಗೂ ಒಂದು ಹಳೇ ಅಂಗಡಿ ನೆನಪಿದೆ. ಮೊನ್ನೆ ಟೌನ್‌ಹಾಲ್ ಕಡೆಯಿಂದ ಎಸ್‌ಜೆಪಿ ರಸ್ತೆಯಲ್ಲಿ ಮಾರ್ಕೆಟ್ ಕಡೆ ನಡೆದು ಹೋಗ್ತಾ ಅದು ಇದ್ದ ಜಾಗ ಹುಡುಕಿದೆ. ಅಲ್ಲೀಗ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ.

ಆಗ ಅದು ಆಯುಧದ ಅಂಗಡಿ. ಆಯುಧ ಅಂದ್ರೆ ಕತ್ತಿ, ಕೋವಿ ಅಲ್ಲ, ದುಡಿಯೋರ ಆಯುಧ. ಗೋಡೆ ತುಂಬಾ ಮೊಳೆ ಹೊಡೆದು ನೇತು ಹಾಕಿರೋರು. ಗಾರೆಯವರ ಕರಣೆ, ಬಡಗಿಗಳ ಬಾಚಿ, ಕಲ್ಲು ಒಡೆಯೋರ ಚಾಣ, ಮಣ್ಣು ಅಗೆಯೋರ ಗುದ್ದಲಿ, ಪಿಕಾಸಿ. ಅದೇ ಸಾಲಿನ ಕೊನೇಲಿ ನಮ್ಮಪ್ಪನಿಗೆ ಬೇಕಾದ ರಂಪಿಗೆ, ಚಪ್ಪಲಿ ಹೊಲಿಯೋ ಉಳಿ.

ಈ ಪೇಟೆಯ ಚರಿತ್ರೆ ಓದಿದವರಿಗೆ ಗೊತ್ತು, ಇಲ್ಲಿ ಬೀದಿಗಳ ಹೆಸರೇ ಕಸುಬು, ಸರಕು, ಜಾತಿ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಅಕ್ಕಿಪೇಟೆ, ಬಳೇಪೇಟೆ. 1905ರ ಆಗಸ್ಟ್ 5ರಂದು ಈ ಊರಿನ ಬೀದಿಗೆ ಕರೆಂಟು ದೀಪ ಬಂದಾಗ ಮೊದಲು ಹೊತ್ತಿದ್ದು ಇದೇ ಮಾರ್ಕೆಟ್ ಹತ್ತಿರ. ಆ ದಿನಾಂಕ ಎಲ್ಲಾ ಪುಸ್ತಕದಲ್ಲೂ ಇದೆ. ದೀಪದ ಕಂಬಕ್ಕೆ ಗುಂಡಿ ತೋಡಿದವರು ಯಾರು? ಅವರ ಒಂದೇ ಒಂದು ಹೆಸರು ನಾನು ಎಲ್ಲೂ ಓದಿಲ್ಲ.

ಬಾಬಾಸಾಹೇಬರು 1936ರಲ್ಲೇ ಬರೆದಿಟ್ಟ ವಾದ ನೆನಪಿಸಿಕೊಳ್ಳಿ: ಜಾತಿ ಬರೀ ಕೆಲಸ ಹಂಚಲ್ಲ, ಕೆಲಸ ಮಾಡೋರನ್ನೇ ಮೇಲೆ ಕೆಳಗೆ ಅಂತ ಒಡೆದಿಡುತ್ತೆ. ಅದು ನನಗೆ ಅರ್ಥವಾಗಿದ್ದು ಆ ಗೋಡೆ ನೆನೆಸಿಕೊಂಡಾಗ. ಗೋಡೆ ಮೇಲೆ ಕರಣೆಗೂ ರಂಪಿಗೆಗೂ ಒಂದೇ ಮೊಳೆ, ಒಂದೇ ಕಬ್ಬಿಣ. ಅವನ್ನ ಕೊಳ್ಳೋಕೆ ಬಂದವರು ಮಾತ್ರ ಒಂದೇ ಕಡೆ ನಿಲ್ಲೋ ಹಾಗಿರಲಿಲ್ಲ. ಬಡಗಿ ಬೆಂಚಿನ ಮೇಲೆ ಕೂರೋನು. ನಮ್ಮಪ್ಪ ಮೆಟ್ಟಿಲ ಕೆಳಗೆ.

"ಏನ್ಲಾ, ಬಂದ್ಯಾ?"

"ಬಂದೆ ಸಾವ್ಕಾರ್ರೇ."

ಕಾಸು ಕಮ್ಮಿ ಇದ್ದಾಗ ಉದ್ರಿ. ಕೆಂಪು ಬಟ್ಟೆ ರಟ್ಟಿನ ಉದ್ದನೆ ಪುಸ್ತಕ. ಅದರಲ್ಲಿ ಅಪ್ಪ ಹೆಬ್ಬೆಟ್ಟು ಒತ್ತಬೇಕಿತ್ತು. ನಾನಾಗ ನಾಲ್ಕನೇ ಕ್ಲಾಸು. ಕೇರಿಗೆ ಬರ್ತಿದ್ದ ದಲಿತ ಸಂಘರ್ಷ ಸಮಿತಿ ಅಣ್ಣಂದಿರು ಸಂಜೆ ಹೊತ್ತು ಲಾಟೀನು ಇಟ್ಟು ಓದಿಸ್ತಿದ್ದರು, ಹಾಗಾಗಿ ಕೈಬರಹವೂ ಓದೋಕೆ ಬರ್ತಿತ್ತು. ಅಪ್ಪ ಹೆಬ್ಬೆಟ್ಟು ಒತ್ತುವಾಗ ಬಗ್ಗಿ ನೋಡಿದೆ. ಮೇಲಿನ ಸಾಲುಗಳಲ್ಲಿ ಒಬ್ಬೊಬ್ಬರಿಗೂ ಹೆಸರಿತ್ತು, ಕೆಲವರ ಮುಂದೆ 'ಶ್ರೀ' ಕೂಡ. ಅಪ್ಪನ ಸಾಲಿನಲ್ಲಿ ಹೆಸರಿರಲಿಲ್ಲ. 'ಮಾದಿಗ, ಮಾರ್ಕೆಟ್ ಮೂಲೆ' ಅಂತಷ್ಟೇ ಇತ್ತು.

ರಸ್ತೆಗೆ ಬಂದ ಮೇಲೆ ಅಪ್ಪ ಕೇಳ್ದ, "ಏನ್ ಬರ್ದವ್ರೆ ಮಗ?"

"ನಿನ್ ಹೆಸ್ರೇ ಬರ್ದವ್ರೆ ಕಣಪ್ಪ" ಅಂದೆ.

ಅವನ ಮುಖ ಅರಳಿತು. ಸಾಯೋವರೆಗೂ 'ಪೇಟೆ ಅಂಗಡೀಲಿ ನನ್ ಹೆಸ್ರಲ್ಲಿ ಲೆಕ್ಕ ಐತೆ' ಅಂತ ಹೇಳಿಕೊಳ್ಳೋನು. ನನ್ನ ಸುಳ್ಳು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ರದ್ದು ಮಾಡಿ ಆಗಲೇ ಮೂರು ದಶಕ ಕಳೆದಿತ್ತು. 1955ರ ಕಾಯ್ದೆ ಇತ್ತು, 1976ರಲ್ಲಿ ಅದನ್ನ ಬಿಗಿ ಮಾಡಿದ್ದೂ ಆಗಿತ್ತು. ಅದೇ 1976ರಲ್ಲಿ ಚರ್ಮ ಕುಶಲಕರ್ಮಿಗಳಿಗಾಗಿ ಲಿಡ್ಕರ್ ಶುರುವಾಗಿತ್ತು. ಇವೆಲ್ಲಾ ಹೋರಾಟದಿಂದ ಬಂದಿದ್ದು, ಸಣ್ಣವಲ್ಲ. ಆದರೆ ಒಂದು ಉದ್ರಿ ಪುಸ್ತಕದ ಸಾಲಿನವರೆಗೂ ಕಾನೂನು ನಡೆದು ಬಂದಿರಲಿಲ್ಲ.

ಅಂಗಡಿ ಹೋಯ್ತು. ಆ ಪುಸ್ತಕ ರದ್ದಿಗೆ ಹೋಗಿರಬೇಕು. ಖುಷಿ ಪಡಬೇಕು ಅನ್ಸುತ್ತೆ, ಆಗಲ್ಲ. ಯಾಕಂದ್ರೆ ನಮ್ಮಪ್ಪ ಈ ಊರಲ್ಲಿ ದುಡಿದ ಅನ್ನೋದಕ್ಕೆ ಇದ್ದ ಒಂದೇ ಲಿಖಿತ ಸಾಕ್ಷಿ ಅದು. ಹೆಸರು ಅವರು ಬರೆಯಲಿಲ್ಲ, ಸರಿ. ಹೆಬ್ಬೆಟ್ಟು ಮಾತ್ರ ಅವನದೇ.

ಅದಕ್ಕೇ ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮ ಮನೆ ಅಟ್ಟದಲ್ಲಿ, ಹಿತ್ತಿಲಲ್ಲಿ ಅಪ್ಪನದೋ ಅಜ್ಜಿಯದೋ ಒಂದು ಆಯುಧ ಇದ್ದೇ ಇರುತ್ತೆ. ಅದರ ಫೋಟೋ ತೆಗೀರಿ. ಅದನ್ನ ಏನಂತ ಕರೀತಿದ್ದರು, ಯಾವ ಕೆಲಸಕ್ಕೆ, ಎಲ್ಲಿ ಕೊಂಡಿದ್ದು, ಎಲ್ಲಿ ನಿಂತು ಕೊಂಡಿದ್ದು ಅಂತ ಬರೀರಿ. ಕೆಳಗೆ ದುಡಿದವರ ಪೂರ್ತಿ ಹೆಸರು ಹಾಕಿ. ಬದುಕಿರೋರಿದ್ದರೆ ಇವತ್ತೇ ಹೋಗಿ ಕೇಳಿ. ನಾಳೆ ಅನ್ನಬೇಡಿ.

ಅಪ್ಪನ ರಂಪಿಗೆ ನನ್ನ ಹತ್ರ ಇದೆ. ಹಿಡಿ ಸವೆದು ಅವನ ಹೆಬ್ಬೆರಳಿನಷ್ಟೇ ಅಗಲಕ್ಕೆ ಹಳ್ಳ ಬಿದ್ದಿದೆ. ನನ್ನ ಬೆರಳು ಅದರಲ್ಲಿ ಸರಿಯಾಗಿ ಕೂರಲ್ಲ.