ಜಿಂಕೆ, ಸಸಿ ಮತ್ತು ಸಹಾಯಧನ: ಕೇಣಿ–ಅಂಕೋಲಾ ಸೀಮೆಯಲ್ಲಿ ಕಾಡು ಕಾಯುವ ಸಲಕರಣೆಗಳ ಕುರಿತು ಒಂದು ಟಿಪ್ಪಣಿ

ಕೇಣಿಯ ಕಡಲತಡಿಯಿಂದ ಮೂಡಣಕ್ಕೆ ಹೊರಟರೆ ಮೊದಲು ಗದ್ದೆ ಬಯಲು, ಆಮೇಲೆ ಅಂಕೋಲಾ ಪೇಟೆ, ಅದನ್ನು ದಾಟಿದರೆ ಅಗಸೂರು, ಸುಂಕಸಾಳ, ರಾಮನಗುಳಿಯತ್ತ ಏರುವ ಘಟ್ಟದ ಕಾಡು. ಕಡಲಿಗೂ ಕಾಡಿಗೂ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ‘ಜಿಂಕೆಯಿಂದ ರಕ್ಷಣೆ’ ಎಂದರೆ ಬೆಳೆಯ ರಕ್ಷಣೆ ಎಂದೇ ಅರ್ಥ. ಜಿಂಕೆಯಿಂದ ಕಾಡನ್ನೇ ಕಾಯಬೇಕಾಗಿ ಬಂದ ನಾಡುಗಳೂ ಇವೆ. ಅದಕ್ಕೆಂದೇ ಅಲ್ಲಿ ಸರ್ಕಾರಿ ಅನುದಾನವಿದೆ. ಆ ಮಾದರಿಯಿಂದ ನಾವು ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಹೊರಗಿನ ಎರಡು ನಿದರ್ಶನ

ಇಂಗ್ಲೆಂಡಿನಲ್ಲಿ ತೋಳಗಳು ಶತಮಾನಗಳ ಹಿಂದೆಯೇ ಅಳಿದವು. ಅಲ್ಲಿ ಜಿಂಕೆಗಳು ಹೆಚ್ಚಿ, ಎಳೆ ಸಸಿಗಳು ಮರವಾಗುವುದೇ ಕಷ್ಟವಾಗಿದೆ. ಆದ್ದರಿಂದ ಎತ್ತರದ ಬೇಲಿಗೆ, ಬೇಟೆಗಾರ ಕೂರುವ ಅಟ್ಟಣೆಗೆ, ಮೇಯುವಿಕೆಯ ಒತ್ತಡವನ್ನು ಅಳೆಯಲು ಸುತ್ತ ಬೇಲಿ ಹಾಕಿದ ಪರೀಕ್ಷಾ ತಾಕಿಗೆ ಸರ್ಕಾರ ಹಣ ಕೊಡುತ್ತದೆ. ನಮ್ಮ ದೇಶದಲ್ಲಿ ಇಂಥ ಸ್ಥಿತಿಗೆ ಹತ್ತಿರವಾದದ್ದು ಅಂಡಮಾನ್. ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಚುಕ್ಕೆ ಜಿಂಕೆಯನ್ನು ಹಿಡಿಯುವ ಹುಲಿ, ಚಿರತೆ ಆ ದ್ವೀಪಗಳಲ್ಲಿಲ್ಲ. ಕಾಡಿನ ಮರುಹುಟ್ಟಿಗೆ ಅಲ್ಲಿ ಪೆಟ್ಟು ಬಿದ್ದಿದೆ.

ಕೇಣಿ, ಅಂಕೋಲಾಗಳಿರುವ ಉತ್ತರ ಕನ್ನಡ ಜಿಲ್ಲೆಯ ಸ್ಥಿತಿ ಬೇರೆ. 1956ರ ದಾಂಡೇಲಿ ಅಭಯಾರಣ್ಯ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಹುಲಿ, ಚಿರತೆ, ಸೀಳುನಾಯಿಗಳಿರುವ ಈ ಕಾಡಿನಲ್ಲಿ ಕಡವೆ, ಚುಕ್ಕೆ ಜಿಂಕೆ, ಕಾಡುಕುರಿಗಳು ಕಾಡಿನ ಶತ್ರುಗಳಲ್ಲ, ಅದರ ಆಹಾರ ಸರಪಳಿಯ ಕೊಂಡಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳ ಬೇಟೆಯನ್ನು ನಿಷೇಧಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಕೋವಿಯ ಪರವಾನಗಿಗೆ ಅವಕಾಶವಿದೆ ನಿಜ, ಆದರೆ ಅದು ಜಿಂಕೆ ಹೊಡೆಯಲು ಕೊಟ್ಟ ಅನುಮತಿಯಲ್ಲ. ಹಾಗಾಗಿ ಇಂಗ್ಲೆಂಡಿನ ಪಟ್ಟಿಯಿಂದ ಅಟ್ಟಣೆಯನ್ನು ಮೊದಲೇ ಕೈಬಿಡಬೇಕು.

ಬೇಲಿಯ ಬದಲು ಅಕೇಶಿಯಾ

ಕಾಡು ಬೆಳೆಸಲು ಹೊರಗಿನ ಅನುದಾನ ಈ ಜಿಲ್ಲೆಗೆ ಹೊಸದಲ್ಲ. 1990ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ಇಲ್ಲಿ ನಡೆಯಿತು. 1993ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿದ ಮೇಲೆ ಊರೂರಿನಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ನೆಟ್ಟದ್ದರಲ್ಲಿ ಅಕೇಶಿಯಾದ ಪಾಲು ದೊಡ್ಡದು. ಬೇಗ ಬೆಳೆಯುತ್ತದೆ, ಬರಡು ನೆಲದಲ್ಲೂ ಬದುಕುತ್ತದೆ ಎಂಬ ಕಾರಣಗಳ ಜೊತೆಗೆ ಇನ್ನೊಂದಿತ್ತು: ಅದರ ಎಲೆಗೆ ದನ ಬಾಯಿ ಹಾಕುವುದಿಲ್ಲ. ಬೇಲಿ ಮಾಡಬೇಕಾದ ಕೆಲಸವನ್ನು ಮರದ ಜಾತಿಯೇ ಮಾಡಿತು. ಸಲಕರಣೆಯ ಖರ್ಚು ಉಳಿಯಿತು. ಆದರೆ ಮೇಯುವ ಪ್ರಾಣಿಗೆ ಬೇಡವಾದ ಗಿಡವನ್ನೇ ಗುಡ್ಡದ ತುಂಬ ನೆಟ್ಟರೆ, ಆ ಗುಡ್ಡದಲ್ಲಿ ಮೇವು ಎಲ್ಲಿಂದ ಬರಬೇಕು? ಮೇವು ತೆಳುವಾದ ಗುಡ್ಡದ ಬುಡದಲ್ಲಿ ಹಸಿರು ಗದ್ದೆಯಿದ್ದರೆ ಪ್ರಾಣಿ ಇಳಿದು ಬರುವುದು ಸಹಜ.

ಮತ್ತಿ, ಹೊನ್ನೆ, ನಂದಿಯಂಥ ನಾಡಮರಗಳ ಸಸಿಗೆ ಕಾವಲು ಬೇಕೇ ಬೇಕು. ಇದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದು, ಬೀಜಕ್ಕೆ ತಕ್ಕ ತಾಯಿಮರವನ್ನು ಗುರುತಿಸುವ ಅರಿವಿಗಾಗಿ ನಾಡಿಗೆಲ್ಲ ಪರಿಚಿತರಾದರು. ಅಂಥ ಶ್ರಮದಿಂದ ಮೊಳೆತ ಸಸಿ ನೆಟ್ಟ ಮೂರನೆಯ ವರ್ಷವನ್ನೂ ಕಾಣದೆ ಹೋದರೆ ಅದು ಹಣದ ನಷ್ಟ ಮಾತ್ರವಲ್ಲ.

ಸೌರ ಬೇಲಿ ಮತ್ತು ಮಳೆಗಾಲ

ರೈತರು ಸೌರ ಬೇಲಿ ಹಾಕಿಕೊಳ್ಳಲು ಅರಣ್ಯ ಇಲಾಖೆ ಶೇ 50ರ ಸಹಾಯಧನ ಕೊಟ್ಟಿದೆ. ತಂತಿಯಲ್ಲಿ ಕ್ಷಣಕಾಲದ ಮಿಡಿತವಾಗಿ ಹರಿಯುವ ವಿದ್ಯುತ್ತು ಪ್ರಾಣಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವ ಅಪರಾಧಕ್ಕೂ ಇದಕ್ಕೂ ಸಾವು–ಬದುಕಿನಷ್ಟು ಅಂತರವಿದೆ. ಆದರೆ ಆನೆಗೆಂದು ಎಳೆದ ವಿರಳ ತಂತಿ ಜಿಂಕೆಗೆ ತಡೆಯಾಗದು: ಕಡವೆ ಮೇಲಿಂದ ಹಾರುತ್ತದೆ, ಕಾಡುಕುರಿ ಕೆಳಗಿಂದ ನುಸುಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕರಾವಳಿಯ ಮಳೆ. ಗದ್ದೆಯಲ್ಲಿ ಭತ್ತ ಇರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲೇ ಅಪರೂಪ, ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ಅದೇ ಹೊತ್ತಿಗೆ ಬಳ್ಳಿ, ಹುಲ್ಲು ತಂತಿಗೆ ತಗುಲಿ ವಿದ್ಯುತ್ತು ನೆಲಕ್ಕಿಳಿದುಹೋಗುತ್ತದೆ. ಬೇಲಿ ಹೆಚ್ಚು ಬೇಕಾದ ತಿಂಗಳಲ್ಲೇ ಅದು ಹೆಚ್ಚು ದುರ್ಬಲ.

ಸಲಹೆ

ಇಂಗ್ಲೆಂಡಿನ ಪಟ್ಟಿಯಲ್ಲಿ ನಮಗೆ ಹೊಂದುವ ಸಲಕರಣೆ ಆ ಪರೀಕ್ಷಾ ತಾಕು. ನೆಡುತೋಪಿನಲ್ಲಿ ಒಂದು ತುಣುಕಿಗೆ ಬೇಲಿ ಹಾಕಿ, ಪಕ್ಕದಲ್ಲಿ ಅಷ್ಟೇ ಜಾಗವನ್ನು ತೆರೆದಿಟ್ಟು, ವರ್ಷವರ್ಷ ಸಸಿ ಎಣಿಸಿದರೆ ಮೇಯುವುದರಿಂದಾಗುವ ನಷ್ಟ ಎಷ್ಟೆಂದು ತಿಳಿಯುತ್ತದೆ. ಮೊಲ ಕಡಿದ ಚಿಗುರು ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿರುತ್ತದೆ. ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲದ ಜಿಂಕೆ ಮತ್ತು ದನ ಕಿತ್ತ ಚಿಗುರಿನ ತುದಿ ಹರಿದಿರುತ್ತದೆ. ಜಿಂಕೆಯೋ ದನವೋ ಎಂಬುದನ್ನು ಹಿಕ್ಕೆ, ಸೆಗಣಿ, ಗೊರಸಿನ ಗುರುತು ಹೇಳುತ್ತವೆ. ತಿಂದವರಾರೆಂದು ತಿಳಿಯದೆ ಬೇಲಿಗೆ ಹಣ ಹಾಕಬಾರದು.

ಕಾರವಾರ, ಅಂಕೋಲಾ ತಾಲ್ಲೂಕುಗಳು ಸೀಬರ್ಡ್ ನೌಕಾನೆಲೆಯಂಥ ದೊಡ್ಡ ಯೋಜನೆಗೆ ನೆಲ ಬಿಟ್ಟುಕೊಟ್ಟಿವೆ. ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಟ್ಟಾಗ ವಸೂಲಾಗುವ ಹಣವನ್ನು ಕಾಡಿನ ಪುನಶ್ಚೇತನಕ್ಕೆ ಬಳಸಲು 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಇದೆ. ಅಂಥ ಯಾವುದೇ ಅನುದಾನದ ಅಂದಾಜುಪಟ್ಟಿಯಲ್ಲಿ ಕಂಬ, ತಂತಿ, ಬ್ಯಾಟರಿಗಳ ಕೆಳಗೆ ಇನ್ನೊಂದು ಸಾಲು ಇರಬೇಕು: ಐದು ಮಳೆಗಾಲ ಬೇಲಿಯ ಬುಡದ ಬಳ್ಳಿ ಸವರುವ, ಸಸಿ ಎಣಿಸುವ, ಸತ್ತ ಸಸಿಯ ಜಾಗದಲ್ಲಿ ಹೊಸದನ್ನು ನೆಡುವ ಊರಿನವರ ಕೂಲಿ. ಆ ಹಣವನ್ನು ಗ್ರಾಮ ಅರಣ್ಯ ಸಮಿತಿಯ ಕೈಯಲ್ಲಿಡಬೇಕು. ಆ ಸಾಲಿಲ್ಲದ ಸಹಾಯಧನದಿಂದ ಬೇಲಿ ಕೊಳ್ಳಬಹುದು, ಕಾಡನ್ನು ಕಾಯಲಾಗದು.