ನಾನೂರನೇ ಬೆಕ್ಕು

ಜಪಾನಿನ ಮಿನಾಮಾಟಾದಲ್ಲಿ ಮೊದಲು ಸತ್ತದ್ದು ಬೆಕ್ಕುಗಳು. 1950ರ ದಶಕದಲ್ಲಿ ಮೀನುಗಾರರ ಕೇರಿಗಳಲ್ಲಿ ಅವು ತೂರಾಡುತ್ತ, ಕುಣಿದಂತೆ ಸುತ್ತುತ್ತ ಬಿದ್ದು ಸಾಯತೊಡಗಿದವು. ಆಮೇಲೆ ಮನುಷ್ಯರ ಸರದಿ. ಕೈಕಾಲು ಜೋಮು ಹಿಡಿಯಿತು, ಮಾತು ತೊದಲಿತು, ಕಣ್ಣು ಮಂಜಾಯಿತು. 1956ರ ಮೇ 1ರಂದು ಚಿಸ್ಸೊ ಕಾರ್ಖಾನೆಯ ಆಸ್ಪತ್ರೆ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ ಈ ವಿಚಿತ್ರ ರೋಗದ ಬಗ್ಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ವರದಿ ಕೊಟ್ಟರು. ಜನ ಅದನ್ನು ಅಂಟುರೋಗ ಎಂದುಕೊಂಡು ರೋಗಿಗಳ ಮನೆಯವರನ್ನು ದೂರವಿಟ್ಟರು.

ಕಾರಣ ಕೊಲ್ಲಿಯ ನೀರಿನಲ್ಲಿತ್ತು. ಚಿಸ್ಸೊ 1932ರಿಂದ ಪಾದರಸ ಬಳಸಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುತ್ತಿತ್ತು. ಆಗ ಹುಟ್ಟುತ್ತಿದ್ದ ಮೀಥೈಲ್ ಪಾದರಸ ಕೊಳಚೆ ನೀರಿನೊಂದಿಗೆ ಸಮುದ್ರ ಸೇರಿ, ಮೀನು ಚಿಪ್ಪುಗಳಲ್ಲಿ ಶೇಖರವಾಗಿ, ಜನರ ತಟ್ಟೆಗೆ ಬರುತ್ತಿತ್ತು.

ಮೈಯೊಳಗೆ ಅದು ಮಾಡುವುದೇನು? ಜೀವಕೋಶದ ಕೆಲಸ ನಡೆಸುವುದು ಪ್ರೋಟೀನುಗಳು. ಅವುಗಳಲ್ಲಿ ಹಲವಕ್ಕೆ ಗಂಧಕದ ಕೊಂಡಿಗಳಿವೆ. ಪಾದರಸಕ್ಕೂ ಗಂಧಕಕ್ಕೂ ಬಿಡದ ನಂಟು. ಇಂಗಳೀಕ ಎನ್ನುವ ಕೆಂಪು ಅದಿರು ಈ ಎರಡರ ಜೋಡಿಯೇ. ಮೀಥೈಲ್ ಪಾದರಸ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡರೆ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲದಂತೆ ಕಾಣುತ್ತದೆ. ಆಹಾರವೆಂದು ನಂಬಿ ಮಿದುಳು ಬಾಗಿಲು ತೆರೆಯುತ್ತದೆ. ಒಳಗೆ ಹೋದದ್ದು ಕಿಣ್ವಗಳನ್ನು ಹಿಡಿದು ನಿಲ್ಲಿಸುತ್ತದೆ, ಕೋಶವನ್ನು ಕಾಯುವ ಗ್ಲುಟಾಥಯೋನನ್ನು ಖಾಲಿ ಮಾಡುತ್ತದೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹಾಳಾಗಿ ಕೋಶ ಸಾಯುತ್ತದೆ. ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದಿಲ್ಲವೆಂದೇ ಹೇಳಬೇಕು. ಬೇರೆ ಲೋಹಗಳದ್ದೂ ಇಂಥದ್ದೇ ದಾರಿ: ಸೀಸ ಕ್ಯಾಲ್ಸಿಯಂ ಜಾಗ ಹಿಡಿಯುತ್ತದೆ, ಕ್ಯಾಡ್ಮಿಯಂ ಸತುವಿನ ಜಾಗ.

ಹೊಕ್ಕುಳಬಳ್ಳಿಯ ಮಾಸು ವಿಷವನ್ನು ತಡೆಯುತ್ತದೆ ಎಂದು ಆಗಿನ ವೈದ್ಯರು ನಂಬಿದ್ದರು. ಮಿನಾಮಾಟಾದಲ್ಲಿ ಆ ನಂಬಿಕೆ ಮುರಿಯಿತು. ತಾಯಿಗೆ ಅಷ್ಟಾಗಿ ರೋಗ ಕಾಣದಿದ್ದರೂ ಮಗು ರೋಗದೊಂದಿಗೇ ಹುಟ್ಟಿತು.

1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸದತ್ತ ಬೊಟ್ಟು ಮಾಡಿತು. ಕಂಪನಿ ಒಪ್ಪಲಿಲ್ಲ. ಅದೇ ಹೊತ್ತಿನಲ್ಲಿ ಹೊಸೊಕಾವಾ ಕಾರ್ಖಾನೆಯ ಕೊಳಚೆ ನೀರನ್ನೇ ಬೆಕ್ಕೊಂದರ ಆಹಾರಕ್ಕೆ ಬೆರೆಸಿ ನೋಡುತ್ತಿದ್ದರು. ಅದರ ಸಂಖ್ಯೆ 400. ಅಕ್ಟೋಬರಿನಲ್ಲಿ ಅದೂ ತೂರಾಡಿತು. ಕಂಪನಿ ಈ ಫಲಿತಾಂಶವನ್ನು ಮುಚ್ಚಿಟ್ಟಿತು. ಡಿಸೆಂಬರಿನಲ್ಲಿ ರೋಗಿಗಳಿಗೆ 'ಸಾಂತ್ವನ ಹಣ' ಕೊಟ್ಟು, ಮುಂದೆ ತಪ್ಪು ಕಾರ್ಖಾನೆಯದೆಂದು ತಿಳಿದರೂ ಹೆಚ್ಚಿನ ಪರಿಹಾರ ಕೇಳಬಾರದೆಂದು ಬರೆಸಿಕೊಂಡಿತು.

ಆ ತಯಾರಿಕೆ ನಿಂತದ್ದು 1968ರಲ್ಲಿ. 1970ರಲ್ಲಿ ಹೊಸೊಕಾವಾ ಆಸ್ಪತ್ರೆಯ ಹಾಸಿಗೆಯಿಂದಲೇ ಆ ಬೆಕ್ಕಿನ ವಿಷಯಕ್ಕೆ ಸಾಕ್ಷಿ ನುಡಿದರು. 1973ರಲ್ಲಿ ನ್ಯಾಯಾಲಯ ಕಂಪನಿಯೇ ಹೊಣೆ ಎಂದಿತು, ಹಳೆಯ ಒಪ್ಪಂದವನ್ನು ತಳ್ಳಿಹಾಕಿತು.

ತೀರ್ಪು ಹಣ ಕೊಡಿಸಬಲ್ಲದು, ನರಕೋಶವನ್ನಲ್ಲ. 1959ರಿಂದ 1968ರವರೆಗಿನ ಒಂಬತ್ತು ವರ್ಷ ಆ ಮೀನು ತಿಂದವರಿಗೆ ಒಂದು ಕಡತದ ಸತ್ಯ ಸಿಗಲಿಲ್ಲ. ಜಿಲ್ಲೆಗಳಿಂದ ಸುದ್ದಿ ಬರೆಯುವ ನಾವು ಕಾರ್ಖಾನೆಯ ಹೊಳೆದಂಡೆಗೆ ಹೋದಾಗ ಮೊದಲು ಕೇಳಬೇಕಾದದ್ದು ಇದು: ನೀರನ್ನು ಯಾರು ಪರೀಕ್ಷಿಸಿದರು, ಆ ಕಾಗದ ಈಗ ಯಾರ ಬಳಿ ಇದೆ?