ಚೆಕ್: ರಾಜನ ಹೆಸರು ಬ್ಯಾಂಕಿನ ಪುಸ್ತಕಕ್ಕೆ ಬಂದ ಕಥೆ

ಇವತ್ತಿನ ಸಂಚಿಕೆ ಒಂದೇ ಒಂದು ಪದದ ಬಗ್ಗೆ: ಚೆಕ್. ಇಂಗ್ಲಿಷ್ ಪದ, ಆದರೆ ಇಂಗ್ಲಿಷ್ ಬಾರದವರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುತ್ತೆ. ಗಾಡಿಗೆ ಗಾಳಿ ಚೆಕ್ ಮಾಡಿಸ್ತೀವಿ, ಬಿಪಿ ಚೆಕ್ ಮಾಡಿಸ್ತೀವಿ, ಚೆಕ್ಸ್ ಶರ್ಟ್ ಹಾಕ್ತೀವಿ, ಚೆಕ್‌ಪೋಸ್ಟ್ ಹತ್ರ ನಿಲ್ತೀವಿ, ಹಳ್ಳಕ್ಕೆ ಚೆಕ್ ಡ್ಯಾಂ ಕಟ್ತೀವಿ, ಚೆಸ್ ಆಡುವಾಗ ಚೆಕ್ ಕೊಡ್ತೀವಿ, ಸಾಲಕ್ಕೂ ಚೆಕ್ ಕೊಡ್ತೀವಿ. ಪರೀಕ್ಷೆ, ಚೌಕಳಿ, ತಡೆ, ದುಡ್ಡು. ಕೇಳಿದರೆ ಇವೆಲ್ಲ ಬೇರೆ ಬೇರೆ ಪದಗಳು, ಸದ್ದು ಮಾತ್ರ ಒಂದೇ ಅನ್ನಿಸುತ್ತೆ. ಹಾಗಲ್ಲ. ಎಲ್ಲವೂ ಒಂದೇ ಪದ. ಅದರ ಮೂಲ ಅರ್ಥ 'ರಾಜ'.

ನಮ್ಮ ದೇಶದ ಚತುರಂಗ ಪರ್ಷಿಯಾಕ್ಕೆ ಹೋಯ್ತು. ಅಲ್ಲಿ ರಾಜನ ಕಾಯಿಗೆ ಷಾ ಅಂದರು. ಎದುರಾಳಿಯ ರಾಜನಿಗೆ ಏಟು ಬೀಳುವಂತಿದ್ದರೆ 'ಷಾ' ಅಂತ ಕೂಗಿ ಎಚ್ಚರಿಸೋದು ಪದ್ಧತಿ. ಆಟ ಅರಬರ ಕೈಗೆ ಬಂದು, ಅವರಿಂದ ಯುರೋಪಿಗೆ ದಾಟಿತು. ಕೂಗೂ ಜೊತೆಗೇ ಹೋಯ್ತು. ಲ್ಯಾಟಿನ್‌ನಲ್ಲಿ 'ಸ್ಕಾಕಸ್', ಹಳೆಯ ಫ್ರೆಂಚ್‌ನಲ್ಲಿ 'ಎಶೆಕ್', ಇಂಗ್ಲಿಷ್‌ಗೆ ಬರೋ ಹೊತ್ತಿಗೆ 'ಚೆಕ್'. ಚೆಸ್ ಅನ್ನೋ ಹೆಸರೂ ಇದೇ ಪದದ ಬಹುವಚನದಿಂದ ಹುಟ್ಟಿದ್ದು. ಚೆಕ್‌ಮೇಟ್ ಅಂದರೆ 'ಷಾ ಮಾತ್', ರಾಜ ದಿಕ್ಕೆಟ್ಟ ಅಂತ. (ಈ ಮಾತ್‌ಗೂ ನಮ್ಮ ಮಾತಿಗೂ ಸಂಬಂಧ ಇಲ್ಲ, ಕೇಳಬೇಡಿ.)

ಚೆಕ್ ಬಿದ್ದ ಮೇಲೆ ಆಟಗಾರ ಏನು ಯೋಚನೆ ಮಾಡಿದ್ದರೂ ಅದು ಅಲ್ಲಿಗೆ ನಿಂತ ಹಾಗೆ. ಮೊದಲು ರಾಜನನ್ನ ಕಾಪಾಡಬೇಕು, ಮಿಕ್ಕಿದ್ದು ಆಮೇಲೆ. ಹೀಗೆ ಚೆಕ್ ಅಂದರೆ ತಡೆ ಅಂತಾಯ್ತು. ತಡೆದು ನಿಲ್ಲಿಸಿದವರು ಸುಮ್ನೆ ಬಿಡ್ತಾರಾ? ಒಳಗೇನಿದೆ ನೋಡ್ತಾರೆ. ಅಲ್ಲಿಂದ ತಪಾಸಣೆ. ಚೆಕ್‌ಪೋಸ್ಟ್‌ನಲ್ಲಿ ಈ ಎರಡೂ ಅರ್ಥ ಒಟ್ಟಿಗೆ ಕೂತಿವೆ.

ಶರ್ಟಿನ ಚೌಕಳಿ ಬಂದಿದ್ದು ಚೆಸ್ ಹಲಗೆಯ ಮನೆಗಳಿಂದ. ಅದು ಸುಲಭ. ಆದರೆ ಅದೇ ಹಲಗೆ ಇಂಗ್ಲೆಂಡಿನ ಖಜಾನೆಗೂ ಹೆಸರು ಕೊಟ್ಟಿದೆ. ನಾನು ಬಿಕಾಂ ಓದಿದವನು. ಮೂರು ವರ್ಷ ಲೆಡ್ಜರು, ವೌಚರು ಅಂತ ಉರು ಹೊಡೆದರೂ ಈ ಕಥೆಯನ್ನ ಯಾವ ಮೇಷ್ಟ್ರೂ ಹೇಳಲಿಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

12ನೇ ಶತಮಾನದ ಇಂಗ್ಲೆಂಡ್. ಶೆರಿಫ್ ಅಂದರೆ ಆಗ ಜಿಲ್ಲೆಯ ಕಂದಾಯಕ್ಕೆ ಜವಾಬ್ದಾರ. ವರ್ಷಕ್ಕೆ ಎರಡು ಸಲ, ಈಸ್ಟರ್‌ಗೆ ಒಮ್ಮೆ, ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬಕ್ಕೆ ಒಮ್ಮೆ, ಅವನು ಬಂದು ರಾಜನ ಅಧಿಕಾರಿಗಳ ಮುಂದೆ ಲೆಕ್ಕ ಒಪ್ಪಿಸಬೇಕು. ಅವರ ನಡುವೆ ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಗೆರೆಗಳ ನಡುವಿನ ಮನೆಗಳಲ್ಲಿ ಪೆನ್ನಿಗೊಂದು, ಶಿಲ್ಲಿಂಗ್‌ಗೊಂದು, ಪೌಂಡ್‌ಗೊಂದು, ಆಮೇಲೆ ಇಪ್ಪತ್ತು, ನೂರು, ಸಾವಿರ. ಬಿಲ್ಲೆಗಳನ್ನ ಇಟ್ಟು ಸರಿಸಿ ಲೆಕ್ಕ ಮಾಡೋರು. ಆಗ ಅವರ ಕಡತದಲ್ಲಿ ಇದ್ದಿದ್ದು ರೋಮನ್ ಅಂಕಿ, ಸೊನ್ನೆ ಇಲ್ಲ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ನಮ್ಮ ತಾತಂದಿರ ಕಾಲದ ರೂಪಾಯಿ, ಆಣೆ, ಪೈ ಇದ್ದ ಹಾಗೆ. ಇದನ್ನ ರೋಮನ್ ಅಂಕಿಯಲ್ಲಿ ಬರೆದು ಕೂಡಿಸಿ ನೋಡಿ, ತಲೆ ಕೆಡುತ್ತೆ. ಬಟ್ಟೆ ಮೇಲಾದರೆ ಓದು ಬಾರದ ಶೆರಿಫ್‌ಗೂ ಬಾಕಿ ಎಷ್ಟು ಅಂತ ಕಣ್ಣಿಗೇ ಕಾಣುತ್ತೆ.

ಆ ಮೇಜು ಚೆಸ್ ಹಲಗೆ ಥರ ಕಾಣ್ತಿತ್ತು ಅಂತ ಇಡೀ ಇಲಾಖೆಗೇ 'ಎಕ್ಸ್‌ಚೆಕರ್' ಅಂತ ಹೆಸರಾಯ್ತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನ ಇವತ್ತಿಗೂ 'ಛಾನ್ಸಲರ್ ಆಫ್ ದಿ ಎಕ್ಸ್‌ಚೆಕರ್' ಅಂತಾರೆ. ಆ ಕಾಲದ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲಿ ಈ ಇಲಾಖೆಯ ಕೆಲಸದ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಚೆಸ್‌ನಲ್ಲಿ ಇಬ್ಬರು ರಾಜರ ನಡುವೆ ಯುದ್ಧ, ಇಲ್ಲಿ ಖಜಾಂಚಿಗೂ ಶೆರಿಫ್‌ಗೂ ಯುದ್ಧ ಅನ್ನೋದು ಅವನದೇ ಹೋಲಿಕೆ. ಆಡಿಟ್ ಎದುರಿಸಿದವರಿಗೆ ಇದು ಉಪಮೆ ಅಂತಲೂ ಅನ್ನಿಸಲ್ಲ.

ದುಡ್ಡು ಕಟ್ಟಿದವನಿಗೆ ರಸೀತಿ? ಅದೊಂದು ಮರದ ಕಡ್ಡಿ. ಟ್ಯಾಲಿ ಅಂತ ಹೆಸರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು. ಕಚ್ಚು ಹಾಕಿ ಕಡ್ಡಿಯನ್ನ ಉದ್ದಕ್ಕೆ ಸೀಳಿದರೆ ಎರಡು ಭಾಗದಲ್ಲೂ ಅದೇ ಲೆಕ್ಕ. ಕಟ್ಟಿದವನಿಗೆ ಒಂದು, ಖಜಾನೆಗೆ ಒಂದು. ಯಾರಾದರೂ ಆಮೇಲೆ ಕಚ್ಚು ಜಾಸ್ತಿ ಮಾಡಿದರೆ ಜೋಡಿಸಿದಾಗ ಸಿಕ್ಕಿಬೀಳ್ತಾರೆ. ಖಜಾನೆಯ ಪಾಲಿಗೆ 'ಫಾಯಿಲ್' ಅಂತ ಹೆಸರು. ನಮ್ಮ ಚೆಕ್ ಪುಸ್ತಕದ ಕೌಂಟರ್‌ಫಾಯಿಲ್‌ನಲ್ಲಿ ಇರೋದು ಅದೇ ಫಾಯಿಲ್. ಈ ಕಡ್ಡಿಗಳು 1826ರವರೆಗೂ ಬಳಕೆಯಲ್ಲಿದ್ದವು. 1834ರ ಅಕ್ಟೋಬರ್ 16ರಂದು ಹಳೇ ಕಡ್ಡಿಗಳ ರಾಶಿಯನ್ನ ಸುಡಲು ಹೋಗಿ ಲಂಡನ್ನಿನ ಪಾರ್ಲಿಮೆಂಟ್ ಭವನವೇ ಸುಟ್ಟುಹೋಯ್ತು. ಹಳೇ ಕಡತ ವಿಲೇವಾರಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ನಾನಂತೂ ಕೇಳಿಲ್ಲ.

ಬ್ಯಾಂಕಿನ ಚೆಕ್ ಹುಟ್ಟಿದ್ದು ಇದೇ ಅನುಮಾನದಿಂದ. ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯ ಚೆಕ್ 1659ರ ಫೆಬ್ರವರಿ 16ರದ್ದು ಅಂತ ಹೇಳ್ತಾರೆ. 400 ಪೌಂಡು, ಕೈಬರಹ. ಆದರೆ ಆಗ ಅದಕ್ಕೆ ಚೆಕ್ ಅನ್ನೋ ಹೆಸರಿರಲಿಲ್ಲ. 18ನೇ ಶತಮಾನದ ಮೊದಲಲ್ಲಿ ಚೆಕ್ ಅಂದರೆ ಮೋಸ ತಡೆಯೋಕೆ ಇಟ್ಟುಕೊಳ್ಳೋ ಕೌಂಟರ್‌ಫಾಯಿಲ್. ಆಮೇಲೆ ಹರಿದುಕೊಟ್ಟ ಚೀಟಿಗೇ ಆ ಹೆಸರು ಅಂಟಿಕೊಂಡಿತು. ಎಕ್ಸ್‌ಚೆಕರ್ ಪದದ ಪ್ರಭಾವದಿಂದ ಬ್ರಿಟಿಷರು ಇದರ ಕಾಗುಣಿತವನ್ನೂ ಬದಲಾಯಿಸಿದರು. ಅಮೆರಿಕದವರು ಹಳೇ ಕಾಗುಣಿತವನ್ನೇ ಉಳಿಸಿಕೊಂಡಿದ್ದಾರೆ.

ಈಗ ನಮ್ಮೂರಿಗೆ ಬರೋಣ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ 1881ರದ್ದು, ಬ್ರಿಟಿಷರ ಕಾಲದ್ದು. ಚೆಕ್ ಬೌನ್ಸ್ ಆದರೆ ಅಪರಾಧ ಅನ್ನೋ 138ನೇ ಕಲಂ ಮಾತ್ರ ನಮ್ಮದೇ, 1989ರ ಏಪ್ರಿಲ್ 1ರಿಂದ ಜಾರಿ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. 2019ರ ಕೊನೆಗೆ ದೇಶದಲ್ಲಿ ಇಂಥ 35 ಲಕ್ಷಕ್ಕೂ ಹೆಚ್ಚು ಕೇಸು ಬಾಕಿ ಇದ್ದವು ಅನ್ನೋ ಲೆಕ್ಕ ಸುಪ್ರೀಂ ಕೋರ್ಟ್ ಮುಂದೆ ಬಂತು.

ನಮ್ಮ ಸೋದರಮಾವನದೂ ಒಂದು ಇತ್ತು. ದಿನಸಿ ಅಂಗಡಿಗೆ ಅಂತ ಊರಿನ ಒಂದು ಫೈನಾನ್ಸ್‌ನಲ್ಲಿ ಸಾಲ ತಗೊಂಡರು. ಭದ್ರತೆಗೆ ಅಂತ ಮೂರು ಖಾಲಿ ಚೆಕ್‌ಗೆ ಸಹಿ ಹಾಕಿಸಿಕೊಂಡರು. ಸಾಲ ತೀರಿತು, ಎರಡು ಚೆಕ್ ವಾಪಸ್ ಬಂತು. ಮೂರನೆಯದು ಎರಡು ವರ್ಷ ಬಿಟ್ಟು ಬೇರೆಯದೇ ಮೊತ್ತ ಹೊತ್ತುಕೊಂಡು ಬ್ಯಾಂಕಿಗೆ ಬಂತು. ಮಾವ ಕೋರ್ಟು ಅಲೆದೂ ಅಲೆದೂ ಕೊನೆಗೆ ರಾಜಿ ಮಾಡಿಕೊಂಡು ದುಡ್ಡು ಕಟ್ಟಿದರು. "ನನ್ನ ಸಹಿ ಅಲ್ಲ ಅಂತ ಹೆಂಗಪ್ಪಾ ಹೇಳ್ಲಿ? ಸಹಿ ನಂದೇ" ಅಂತಿದ್ದರು.

ಕಾನೂನು ಇರೋದೂ ಹಾಗೇ. ಸಹಿ ನಿಮ್ಮದಾದರೆ, ಚೆಕ್ಕನ್ನು ಸಾಲಕ್ಕೆ ಅಂತಲೇ ಕೊಟ್ಟಿದ್ದೀರಿ ಎಂದು 139ನೇ ಕಲಂ ಊಹೆ ಮಾಡಿಕೊಳ್ಳುತ್ತೆ. ಅಲ್ಲ ಅಂತ ತೋರಿಸೋ ಹೊಣೆ ನಿಮ್ಮದು. ಸಹಿ ಹಾಕಿ ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್‌ಗೂ ಇದು ಅನ್ವಯಿಸುತ್ತೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಧಿಕಾರ ಇರೋನನ್ನ ಹಿಡಿದು ನಿಲ್ಲಿಸೋಕೆ ಹುಟ್ಟಿದ ಪದ, ಶೆರಿಫ್‌ನಂಥವನನ್ನೇ ಮೇಜಿನ ಮುಂದೆ ಕೂರಿಸಿದ ಪದ. ನಮ್ಮ ಕಡೆ ಬರೋ ಹೊತ್ತಿಗೆ ಅದರ ಹೊಡೆತ ಬೀಳ್ತಿರೋದು ಅಂಗಡಿಯವನ ಮೇಲೆ. ಕೊಟ್ಟ ಸಾಲ ಮುಳುಗಿದವರಿಗೂ ಇದೇ ಕಲಂ ಆಸರೆ, ಅದನ್ನ ಇಲ್ಲ ಅನ್ನಲ್ಲ. ಆದರೆ ಖಾಲಿ ಚೆಕ್ ಕೇಳೋ ರೂಢಿ ನನ್ನ ಮಟ್ಟಿಗೆ ಸಾಲದ ವ್ಯವಹಾರವೇ ಅಲ್ಲ, ಜುಟ್ಟು ಹಿಡಿಯೋ ವ್ಯವಹಾರ.

ಮಾವನ ಚೆಕ್ ಪುಸ್ತಕ ಈಗಲೂ ಮನೆಯಲ್ಲಿದೆ. ಆ ಮೂರು ಚೆಕ್‌ಗಳ ಕೌಂಟರ್‌ಫಾಯಿಲ್ ಮೇಲೆ ಏನೂ ಬರೆದಿಲ್ಲ. ತಾರೀಖಿಲ್ಲ, ಹೆಸರಿಲ್ಲ, ಯಾಕೆ ಕೊಟ್ಟಿದ್ದು ಅಂತಿಲ್ಲ. ಸೀಳಿದ ಕಡ್ಡಿಯಲ್ಲಿ ಅವರ ಪಾಲಿಗೆ ಬಂದ ಅರ್ಧಕ್ಕೆ ಕಚ್ಚೇ ಇರಲಿಲ್ಲ.